ಹಳ್ಳದ ಮಣ್ಣು, ಕಾಕಾನ ಹೊಲ

ವಾಗದರಿಯ ನಮ್ಮ ಹೊಲದ ಪಕ್ಕದ ಹಳ್ಳಕ್ಕೆ ಡೀಸೆಲ್ ಟ್ಯಾಂಕರ್ ಉರುಳಿದಾಗ ಊರವರು ಮೊದಲು ಓಡಿದ್ದು ಕೊಡ ತರಲು. ಹಳ್ಳದ ಚಿಂತೆ ಹತ್ತಿದ್ದು ಕೊಡ ತುಂಬಿದ ಮೇಲೆ. ನಾನು ಸೊಲ್ಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಹೊಲ ನೋಡಿಕೊಳ್ಳುವವರು ಕಾಕಾ. ಸುದ್ದಿ ಕೇಳಿದ್ದೇ ಎಸ್‌ಟಿ ಬಸ್ಸು ಹತ್ತಿ ಬಂದೆ, ಸಲಹೆ ಕೊಡುವುದಕ್ಕೆ. ಸಲಹೆಗೆ ನಮ್ಮ ಪೇಟೆಯವರಲ್ಲಿ ಎಂದೂ ಬರಗಾಲವಿಲ್ಲ.

ಕೆಲಸ ಮಾಡಿದವರು ಕಾಕಾ. ಜೋಳದ ಕಣಿಕೆಯ ಸೂಡುಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಅಡ್ಡ ಹಾಕಿದರು. ತೇಲಿ ಬಂದ ಎಣ್ಣೆ ಅದಕ್ಕೆ ಹತ್ತುತ್ತಿತ್ತು. ದಿನಾ ಸೂಡು ಬದಲಿಸಿದರು. ಆಮೇಲೆ ಸರಕಾರಿ ಸಾಹೇಬರು ಬಂದರು, ಸೂಡುಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ದಂಡೆಯ ಎಣ್ಣೆಮಣ್ಣನ್ನು ಜೆಸಿಬಿಯಿಂದ ಕೆರೆಸಿ ಗುಡ್ಡೆ ಹಾಕಿಸಿ, ಲಾರಿ ಬಂದು ಒಯ್ಯುತ್ತದೆ, ಯಾರೂ ಮುಟ್ಟಬಾರದು ಎಂದು ಮರಾಠಿಯಲ್ಲಿ ಬೋರ್ಡು ನೆಡಿಸಿ ಹೋದರು. ಬೋಳಾದ ದಂಡೆಗೆ ಕಾಕಾ ಕರಿಕೆ ಹುಲ್ಲು, ಲಕ್ಕಿ ಗಿಡ ಹಚ್ಚಿದರು. ಲಾರಿ ಬರಲಿಲ್ಲ. ಬೋರ್ಡು ಮಾತ್ರ ನಿಷ್ಠೆಯಿಂದ ನಿಂತಿತ್ತು.

ಬೇಸಿಗೆಯಲ್ಲಿ ಹಳ್ಳದ ಹೂಳು ಹೊಲಕ್ಕೆ ಹೊಡೆಯುವುದು ನಮ್ಮ ಕಡೆಯ ರೂಢಿ. ಆ ಕರಿ ಗುಡ್ಡೆ ನೋಡಿ ನನ್ನ ಬಾಯಲ್ಲಿ ನೀರೂರಿತು. ಮೇಲಿನಿಂದ ಒಂದು ಹಿಡಿ ತೆಗೆದು ಮೂಸಿದೆ, ವಾಸನೆ ಇರಲಿಲ್ಲ. ಒಳಗಿನದನ್ನು ಮೂಸಬೇಕೆಂದು ಈ ಪದವೀಧರನಿಗೆ ಹೊಳೆಯಲಿಲ್ಲ. ಕಾಕಾ ಬೇಡವೆಂದರು.

"ಮುತ್ಯಾನ ಕಾಲದಿಂದ ಇದೇ ಹಳ್ಳದ ಮಣ್ಣ ಹೊಡೀತೀವಲ್ಲ, ಕಾಕಾ," ಎಂದೆ.

ಓದಿದವನ ಮಾತೆಂದು ಅವರು ಟ್ರ್ಯಾಕ್ಟರ್ ತರಿಸಿದರು. ನಾಲ್ಕು ಟ್ರಾಲಿ ಮಣ್ಣು ಬಿದ್ದದ್ದು ಸೀತನಿಯ ಪಟ್ಟಿಗೇ. ಪ್ರತಿ ಚಳಿಗಾಲ ಎಳೆ ಜೋಳದ ತೆನೆ ಕೆಂಡದಲ್ಲಿ ಸುಟ್ಟು ಸೀತನಿ ತಿನ್ನಲು ಸೊಲ್ಲಾಪುರದ ನೆಂಟರನ್ನೆಲ್ಲ ಕಾಕಾ ಕರೆಯುವುದು ಅಲ್ಲಿಗೇ. ಅವರಿಗಿರುವ ದೊಡ್ಡಸ್ತಿಕೆ ಅದೊಂದೇ.

ಈ ಸಲವೂ ಕರೆದರು. ಹಳ್ಳದಲ್ಲಿ ಮೀನಿನ ಮರಿ ಆಡುತ್ತಿದ್ದವು, ದಂಡೆ ಹಸಿರಾಗಿತ್ತು. ಮಣ್ಣು ಸುರಕ್ಷಿತ ಜಾಗಕ್ಕೆ ಹೋಗಿದೆ ಎಂದು ಸಾಹೇಬರ ವರದಿಯಲ್ಲಿತ್ತಂತೆ. ಹೋದದ್ದಂತೂ ನಿಜ. ಪಟ್ಟಿಯಲ್ಲಿ ಮೊಳೆತ ಜೋಳವೆಲ್ಲ ಹಳದಿಯಾಗಿ ಸತ್ತಿತ್ತು. ಕಾಕಾ ಪಕ್ಕದ ಹೊಲದವರ ಹತ್ತಿರ ತೆನೆ ಕೇಳಿ ತಂದಿದ್ದರು. ಜನ್ಮದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು. ನೆಂಟರು ಸುಟ್ಟ ತೆನೆ ಅಂಗೈಯಲ್ಲಿ ಉಜ್ಜಿ ಉಜ್ಜಿ ತಿಂದರು. ನಾನು ನಾಚಿಕೆಯಿಂದ ತೆನೆ ಮುಟ್ಟದೆ ಬದುವಿನ ಮೇಲೇ ನಿಂತಿದ್ದೆ.

ಕಾಕಾ ಬೋಳು ಪಟ್ಟಿಯ ನಡುವೆ ಚಾಪೆ ಹಾಸಿ, ಕೈಯಿಂದ ಸವರಿ, ನನ್ನನ್ನೇ ಕರೆದರು.

"ಬಾ, ಇಲ್ಲಿ ಕುಂಡ್ರು. ಈ ಸಲ ಜ್ವಾಳ ಅಡ್ಡ ಬರಂಗಿಲ್ಲ."