ನಿದ್ರೆಹೋದರು ಎಂಬ ಮಾತು

ನಮ್ಮಪ್ಪ ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಸಭಾಪಾಲಕರು ಊರಲ್ಲಿಲ್ಲದ ಭಾನುವಾರ ಚರ್ಚಿನಲ್ಲಿ ಪ್ರಸಂಗ ಮಾಡುವ ಕೆಲಸವೂ ಅವರದೇ. ಅದಕ್ಕೆ ಶನಿವಾರವಿಡೀ ತಯಾರಿ. ಮೇಜಿನ ಒಂದು ಕಡೆ ಆದಿಸಭೆಯ, ಅಂದರೆ ಕ್ರೈಸ್ತಧರ್ಮದ ಮೊದಲ ಶತಮಾನಗಳ, ಬಿಷಪ್ಪರ ಬೋಧನೆಗಳು, ಇನ್ನೊಂದು ಕಡೆ ವಚನಗಳು. ವಚನದ ಪುಸ್ತಕ ಪಕ್ಕದ ಮನೆಯ ಆಂಟಿಯದು. ಅವರ ಯಜಮಾನರಿಗೆ ಅಕ್ಕಿಪೇಟೆಯಲ್ಲಿ ಅಂಗಡಿ. ಆಂಟಿಗೆ ದಿನಾ ಸಂಜೆ ನಮ್ಮಮ್ಮನ ಜೊತೆ ಹರಟೆ.

"ನಿಮ್ ಬಿಷಪ್ಪರದು ಉಪ್ಪಿಲ್ದಿರೋ ಸಾರು. ಒಂದ್ ವಚನ ಹಾಕಿ" ಎಂದು ಅಮ್ಮ ಅಪ್ಪನನ್ನು ಕೆಣಕುತ್ತಿದ್ದರು.

ಅಪ್ಪನಿಗೆ ಒಂದು ಹಟವಿತ್ತು. ಆದಿಸಭೆಯ ಬೋಧಕರು ಸಾವನ್ನು ನಿದ್ರೆ ಎಂದರು, ಆದ್ದರಿಂದ ನಾವೂ ಯಾರನ್ನೂ ಸತ್ತರು, ತೀರಿಕೊಂಡರು ಎನ್ನಬಾರದು. 'ನಿದ್ರೆಹೋದರು' ಎನ್ನಬೇಕು. ನನಗೆ ಅದೆಲ್ಲ ಪುಸ್ತಕದ ಬದನೆಕಾಯಿ ಎನಿಸುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಬಹಳ ಕಾಲ ಹಾಸಿಗೆ ಹಿಡಿದಿದ್ದ ಅಮ್ಮ ಒಂದು ಬೆಳಿಗ್ಗೆ ಹೋಗಿಬಿಟ್ಟರು. ಅದೇ ಹೊತ್ತಿಗೆ ಆಂಟಿ ಗಂಜಿ ಹಿಡಿದುಕೊಂಡು ಗೇಟಿಗೆ ಬಂದರು. ಅಪ್ಪ ಹೊರಗೆ ಹೋಗಿ ಮೆಲ್ಲಗೆ, "ನಿದ್ರೆಹೋದ್ಲಮ್ಮ" ಅಂದರು.

"ಸದ್ಯ! ರಾತ್ರಿಯೆಲ್ಲ ನರಳ್ತಿದ್ರು, ಪಾಪ. ಎಬ್ಬಿಸ್ಬೇಡಿ ಮೇಷ್ಟ್ರೇ. ಎದ್ಮೇಲೆ ಬರ್ತೀನಿ" ಎಂದು ಆಂಟಿ ಪಾತ್ರೆಯನ್ನು ಅವರ ಕೈಗಿಟ್ಟು ಹೊರಟರು. ನಮ್ಮ ಚರ್ಚಿನವರ ಮಾತು ಅವರಿಗೆ ಹೇಗೆ ಗೊತ್ತಿರಬೇಕು?

ಅಪ್ಪ ತಿದ್ದಲಿಲ್ಲ. ಬಿಸಿ ಪಾತ್ರೆ ಹಿಡಿದು ಅಲ್ಲೇ ನಿಂತು ಮಗುವಿನ ಹಾಗೆ ಅತ್ತರು. ನಾನೇ ಓಡಿಹೋಗಿ ಆಂಟಿಗೆ ವಿಷಯ ಹೇಳಬೇಕಾಯಿತು. ಅಪ್ಪನ ಮೇಲೆ ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಾರನೆಯ ದಿನ ಅಮ್ಮನ ಅಂತ್ಯಸಂಸ್ಕಾರಕ್ಕೆ ಚರ್ಚಿನಲ್ಲಿ ಹೇಳಲೆಂದು ಅಪ್ಪ ಬಿಷಪ್ಪರೊಬ್ಬರ ಮಾತನ್ನೂ ಅಮ್ಮನ ಇಷ್ಟದ ವಚನವನ್ನೂ ಬರೆದುಕೊಂಡಿದ್ದರು. ಆ ಹಾಳೆಯನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಸಾವು ನಿದ್ರೆ ಅಂತ ಇಷ್ಟು ವರ್ಷ ನಾನು ಬೋಧಿಸ್ದೆ. ನಿನ್ನೆ ಪಕ್ಕದ್ಮನೆಯವ್ರು ನಂಬಿದ್ರು. ನನಗೆ ಆಗ್ಲಿಲ್ಲ" ಎಂದಷ್ಟೇ ಹೇಳಿ ಕುಳಿತರು. ಹಿಂದಿನ ಬೆಂಚಿನಲ್ಲಿ ಆಂಟಿ ಬಿಕ್ಕಿದ್ದು ಕೇಳಿಸಿತು. ಆಮೇಲೆ ಯಾರೆಷ್ಟು ಕೇಳಿಕೊಂಡರೂ ಅಪ್ಪ ಪ್ರಸಂಗ ಮಾಡಲಿಲ್ಲ. ವಚನದ ಪುಸ್ತಕವನ್ನೂ ಹಿಂದಿರುಗಿಸಿದರು.

ಕೆಲವು ವರ್ಷಗಳ ನಂತರ ಅಪ್ಪನೂ ಹೋದರು. ಅದೇ ಗೇಟಿನಲ್ಲಿ ಆಂಟಿ ನನ್ನ ಮುಖ ನೋಡುತ್ತ ನಿಂತಿದ್ದರು.

"ಅಪ್ಪ ತೀರ್ಕೊಂಡ್ರು, ಆಂಟಿ" ಅಂದೆ.

ಅವರು ತಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಹಾಗನ್ಬಾರ್ದಮ್ಮ. ನಿಮ್ಮಪ್ಪ ಕೇಳಿಸ್ಕೊಂಡ್ರೆ ಬೈತಾರೆ."