ಅಕ್ಕಿಗೆ ಕೊಟ್ಟ ನಂಬರು

ನಾನು ಅರ್ಜಿ ಬರೆಯುವವನು. ಎಚ್.ಡಿ. ಕೋಟೆಯಲ್ಲಿ, ಸರ್ಕಾರಿ ಕಚೇರಿಗಳ ಎದುರಿನ ಸಾಲಿನಲ್ಲಿ ಒಂದು ತಗಡಿನ ಶೆಡ್ಡು, ಒಂದು ಕಂಪ್ಯೂಟರು, ಬಂದವರು ಕೂರಲು ಒಂದು ಬೆಂಚು. ಮೊದಲು ಟೈಪ್‌ರೈಟರ್ ಇತ್ತು. ಯಂತ್ರ ಬದಲಾದರೂ ಒಕ್ಕಣೆ ಬದಲಾಗಿರಲಿಲ್ಲ. ಯಾರೇ ಬಂದು ಏನೇ ಕಷ್ಟ ಹೇಳಿಕೊಂಡರೂ ನನ್ನ ಬೆರಳು ತಾನಾಗಿಯೇ ‘ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ’ ಎಂದು ಹೊಡೆದುಬಿಡುತ್ತಿತ್ತು. ಆ ಚಾಳಿ ಬಿಡಿಸಿದ್ದು ಒಬ್ಬ ಅಂಗನವಾಡಿ ಟೀಚರಮ್ಮ. ಅಷ್ಟು ಗಟ್ಟಿ ಮನುಷ್ಯರನ್ನು ನಾನು ಕಂಡಿಲ್ಲ. ಹೊಗಳಿಕೆ ಜಾಸ್ತಿಯಾಯಿತು ಅನ್ನಿಸಿದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಆಕೆಯದು ಕಾಡಂಚಿನ ಆದಿವಾಸಿ ಹಾಡಿ. ಅಲ್ಲೇ ಹುಟ್ಟಿ ಬೆಳೆದು, ಅಲ್ಲಿನ ಮಕ್ಕಳಿಗೇ ಟೀಚರ್ ಆದವರು. ಇಡೀ ಹಾಡಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿದ್ದದ್ದು ಅಂಗನವಾಡಿಯ ಜಗಲಿಯಲ್ಲಿ ಮಾತ್ರ. ಹಾಗಾಗಿ ರೇಷನ್ ಕಾರ್ಡಿಗೆ ನಂಬರು ಕೊಡಿ ಎಂದಾಗ ಎಲ್ಲರೂ ಕೊಟ್ಟಿದ್ದು ಟೀಚರಮ್ಮನ ನಂಬರನ್ನೇ. ಪಿಂಚಣಿಗೂ ಅದೇ, ಕೂಲಿ ಕಾರ್ಡಿಗೂ ಅದೇ, ಎಳೆ ಮಗುವಿನ ಲಸಿಕೆಗೂ ಅದೇ. ಒಟಿಪಿ ಬಂತೆಂದರೆ ಆಕೆ ಜಗಲಿಯಲ್ಲಿ ನಿಂತು ಕೂಗುತ್ತಿದ್ದರು, ಆ ಮನೆಯವರು ಓಡಿ ಬರುತ್ತಿದ್ದರು. ಮೂವತ್ತೊಂದು ಹೆಸರು, ಒಂದೇ ಫೋನು. ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಹಾಡಿಯ ದಾರಿಯ ತಿರುವಿನಲ್ಲಿ ಒಂದು ಕ್ಯಾಮೆರಾ ಕಂಬ ನೆಟ್ಟಿದ್ದರು. ಒಂದು ದಿನ ಅದು ಮುರಿದು ಬಿದ್ದಿತ್ತು. ಆನೆ ಮೈ ಉಜ್ಜಿತೆಂದು ಹಾಡಿಯವರು ಹೇಳಿದರು. ಯಾರು ಕೇಳಬೇಕು? ಆ ಹೊತ್ತಿಗೆ ಅಲ್ಲಿ ಯಾವ ಫೋನು ಇತ್ತೆಂದು ಪೊಲೀಸರು ಟವರಿನ ಲೆಕ್ಕ ತೆಗೆಸಿದರಂತೆ. ಸಿಕ್ಕಿದ್ದು ಒಂದೇ ನಂಬರು. ಆ ನಂಬರು ಯಾರದೆಂದು ಎಲ್ಲಾ ಪಟ್ಟಿಗಳಲ್ಲಿ ಹುಡುಕಿದರೆ ಮೂವತ್ತೊಂದು ಜನ! ಗುಂಪು ಕಟ್ಟಿಕೊಂಡು ಕಂಬ ಕೆಡವಿದ್ದಾರೆ ಎಂದು ಠಾಣೆಯವರು ತೀರ್ಮಾನಿಸಿಬಿಟ್ಟರು.

ಟೀಚರಮ್ಮ ಬಸ್ಸಿಳಿದು ನೇರ ನನ್ನ ಶೆಡ್ಡಿಗೆ ಬಂದರು. ‘ಅಣ್ಣಾ, ನಾಳಿಕೆ ಫೋನ್ ತಂದು ಲಾಕ್ ತಗ್ದು ಕೊಟ್ಬುಡು ಅಂತ ಠಾಣೆಯಿಂದ ಫೋನ್ ಮಾಡವ್ರೆ. ಕಾಗ್ದ ಇಲ್ಲ, ಪತ್ರ ಇಲ್ಲ. ಕೊಡಕಿಲ್ಲ ಅಂತ ಬರ್ಕೊಡಿ.’

ನನಗೆ ರೇಗಿತು. ‘ಅಲ್ಲಮ್ಮ, ಕೊಟ್ಟು ಕೈ ತೊಳ್ಕೊಳ್ಳೋದು ಬಿಟ್ಟು ಇದೇನು ರಗಳೆ? ತಪ್ಪು ಮಾಡಿದವರಿಗೆ ತಾನೆ ಭಯ?’

‘ಅಣ್ಣಾ, ನಿಮ್ಮನೆ ಬಚ್ಚಲಿಗೆ ಬಾಗ್ಲು ಅದಾ?’

‘ಇದೆ.’

‘ಒಳಗೆ ಏನ್ ಕಳ್ತನ ಮಾಡೀರಿ?’

ಪಕ್ಕದ ಜೆರಾಕ್ಸ್ ಅಂಗಡಿಯವನು ಕಿಸಕ್ಕನೆ ನಕ್ಕ. ನನ್ನ ಮುಖ ಕೆಂಪಾಯಿತು. ಆಕೆ ನಗಲಿಲ್ಲ. ದನಿ ತಗ್ಗಿಸಿ ನಿಜವಾದ ಸಂಗತಿ ಹೇಳಿದರು. ಕೆ.ಆರ್. ನಗರದ ಕಡೆ ಭೇರ್ಯಕ್ಕೆ ಕೊಟ್ಟಿದ್ದ ಒಬ್ಬ ಹೆಣ್ಣುಮಗಳು ಗಂಡನ ಹೊಡೆತ ತಾಳಲಾರದೆ ಕೂಸನ್ನು ಎತ್ತಿಕೊಂಡು ಓಡಿಬಂದು ಹಾಡಿಯಲ್ಲಿದ್ದಳು. ಹಿಂದೆ ಕೊಡಗಿನ ಕಾಫಿ ತೋಟದಲ್ಲಿ ಜೊತೆಗೆ ಕೂಲಿ ಮಾಡಿದ್ದ ಗೆಳತಿಯ ಮನೆ ಅದು. ಗಂಡನಿಗೆ ಗೊತ್ತಿಲ್ಲದ ಮನೆ. ಅವಳ ಗಾಯದ ಫೋಟೊ, ಆಸ್ಪತ್ರೆ ಚೀಟಿ, ಸಹಾಯ ಕೇಳಿ ಬರೆದ ಮಾತು ಎಲ್ಲವೂ ಟೀಚರಮ್ಮನ ಫೋನಿನಲ್ಲಿ. ‘ಈ ಫೋನು ನಾಕು ಕೈ ತಿರುಗಿದ್ರೆ ಅವ್ನು ಸಂಜೆಗೇ ಬತ್ತಾನೆ ಕಣಣ್ಣ. ಈ ಸಲ ಆ ಮಗಳು ಉಳಿಯಕಿಲ್ಲ.’

ನಾನು ಟೈಪ್ ಮಾಡಲು ಕೂತೆ. ಬೆರಳು ಹಳೆಯ ಅಭ್ಯಾಸದಲ್ಲಿ ‘ಬೇಡಿಕೊಳ್ಳುವುದೇನೆಂದರೆ’ ಹೊಡೆಯಿತು. ‘ಅದ ತಗೀರಿ’ ಎಂದರು. ‘ಬೇಡೋದ್ಯಾಕೆ? ಕೇಳ್ತೀವಿ ಅಂತ ಬರೀರಿ.’ ಆಕೆ ಹೇಳುತ್ತಾ ಹೋದರು, ನಾನು ಬರೆದೆ. ಫೋನಿನಲ್ಲಿ ಏನು ನೋಡಬೇಕು, ಯಾರು ನೋಡುತ್ತಾರೆ, ನೋಡಿದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಇದಕ್ಕೆ ಯಾರ ಆದೇಶವಿದೆ, ಬರೆದುಕೊಡಿ. ಅಕ್ಕಿಗೆಂದು ಕೊಟ್ಟ ನಂಬರು ಅಕ್ಕಿಗೇ ಇರಬೇಕು; ಬೇರೆ ಕೆಲಸಕ್ಕೆ ತೆಗೆಯುವುದಾದರೆ ನಮ್ಮನ್ನು ಕೇಳಿ ತೆಗೆಯಿರಿ. ಓದಿ ನೋಡಿದರೆ ನಾನು ಅಷ್ಟು ವರ್ಷ ಬರೆದ ಅರ್ಜಿಗಳಲ್ಲಿ ಇಷ್ಟು ನೆಟ್ಟಗಿರುವುದು ಒಂದೂ ಇರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಮಾರನೆಯ ದಿನ ನಾನೂ ಜೊತೆಗೆ ಠಾಣೆಗೆ ಹೋದೆ, ಕರೆಯದಿದ್ದರೂ. ಸಾಹೇಬರು ಪಟ್ಟಿಯನ್ನು ಮೇಜಿನ ಮೇಲಿಟ್ಟು ಗದರಿದರು. ‘ಮೂವತ್ತೊಂದು ಜನ ಅಲ್ಲೇನಮ್ಮ ಮಾಡ್ತಿದ್ರಿ?’

ಆಕೆ ಪಟ್ಟಿಯ ಮೇಲೆ ಬೆರಳಿಟ್ಟರು. ‘ಇದು ನಮ್ ಪಕ್ಕದ್ಮನೆ ಮೂರು ತಿಂಗ್ಳ ಕೂಸು ಸಾರ್, ಕುತ್ಗೆ ಇನ್ನೂ ನಿಂತಿಲ್ಲ. ಈವಜ್ಜಿ ಸತ್ತು ಎಲ್ಡು ವರ್ಷ ಆಯ್ತು, ಯೋಳಿ, ಎಬ್ಬುಸ್ಕೊಂಡ್ ಬರ್ಲಾ? ಅಂಗನವಾಡೀಲಿ ಇದ್ದುದ್ದು ನಾನೊಬ್ಳೇ, ಮಕ್ಳಿಗೆ ಉಪ್ಪಿಟ್ಟು ಮಾಡ್ತಿದ್ದೆ.’

ಮೂಲೆಯಲ್ಲಿದ್ದ ಪೇದೆ ಕೆಮ್ಮಿನಲ್ಲಿ ನಗು ನುಂಗಿದ. ಸಾಹೇಬರು ಪಟ್ಟಿಯನ್ನು ಮತ್ತೊಮ್ಮೆ ನೋಡಿದರು. ಕೆಟ್ಟ ಮನುಷ್ಯರೇನಲ್ಲ, ಕಂಪ್ಯೂಟರು ಹೇಳಿದ್ದನ್ನು ನಂಬಿದ್ದರು ಅಷ್ಟೆ. ಆದರೂ ಫೋನಿಗೆ ಕೈ ಚಾಚಿದರು. ಆಕೆ ಫೋನನ್ನು ಮಡಿಲಿನಲ್ಲಿಟ್ಟುಕೊಂಡು ಅರ್ಜಿಯನ್ನು ಮುಂದೆ ನೂಕಿದರು. ‘ಆದೇಶ ಕೊಡಿ ಸಾರ್, ನಿಮ್ ಮುಂದೇನೇ ತೋರುಸ್ತೀನಿ. ಬಾಯ್ಮಾತಿಗೆ ಕೊಡಾಕಿಲ್ಲ.’ ಕೊನೆಗೆ ಸಾಹೇಬರು ಅರ್ಜಿಗೆ ಮೊಹರು ಹಾಕಿ ಪ್ರತಿ ಕೊಟ್ಟರು. ಆದೇಶ ಬರಲೇ ಇಲ್ಲ.

ಅಷ್ಟಕ್ಕೆ ಸುಮ್ಮನಾಗುವ ಜೀವವೇ ಅದು? ಆ ಪ್ರತಿಯನ್ನು ಹಿಡಿದು ಗ್ರಾಮಸಭೆಗೆ ಹೋದರು. ಒಂದು ಕೆಲಸಕ್ಕೆ ಕೊಟ್ಟ ಮಾಹಿತಿಯನ್ನು ಇನ್ನೊಂದಕ್ಕೆ ಬಳಸಬಾರದು, ಕ್ಯಾಮೆರಾ ಹಾಕುವ ಮೊದಲು ಆ ದಾರಿಯಲ್ಲಿ ಓಡಾಡುವವರನ್ನು ಕೇಳಬೇಕು ಎಂದು ನಿರ್ಣಯ ಬರೆಸಿದರು. ಮೊದಲು ಕೈ ಎತ್ತಿದ್ದು ಹಾಡಿಯ ಹೆಂಗಸರು. ಆಮೇಲೆ ಊರಿನವರೂ ಎತ್ತಿದರು. ಅವರ ಮನೆಮುಂದೆಯೂ ಕಂಬ ಬಂದಿತ್ತು ನೋಡಿ. ಆ ನಿರ್ಣಯ ಮೇಲಿನ ಕಚೇರಿಗೆ ಹೋಗಿದೆ. ಏನಾಯಿತೆಂದು ಆಕೆ ಈಗಲೂ ತಿಂಗಳಿಗೊಮ್ಮೆ ಹೋಗಿ ಕೇಳುತ್ತಾರೆ.

ಗ್ರಾಮಸಭೆ ಮುಗಿದ ವಾರ ನನ್ನ ಶೆಡ್ಡಿಗೆ ಒಬ್ಬ ಬಂದ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ‘ಸಾರ್, ಆ ಟೀಚರಮ್ಮನ ಅರ್ಜಿ ಮಾಡ್ಕೊಟ್ಟಿದ್ದು ನೀವೇ ಅಂತೆ. ಯಾವ ಆಡಿ ಅಂತ ವಸಿ ನೋಡಿ ಯೋಳಿ. ಠಾಣೆ ಪಟ್ಟೀಲಿ ನನ್ ಮಗೀನ ಎಸ್ರು ಇತ್ತಂತೆ, ಊರು ಇರ್ಲಿಲ್ವಂತೆ. ಮಗೀನ ಮುಖ ನೋಡಿ ಆರು ತಿಂಗ್ಳಾಯ್ತು ಸಾರ್.’ ಕೂಸಿಗೆ ಅಂಗನವಾಡಿಯ ಹಾಲು ಸಿಗಲೆಂದು ತಂದೆಯ ಹೆಸರಿನ ಸಮೇತ ಬರೆಸಿದ್ದರು. ಅದೂ ಅದೇ ನಂಬರಿನಡಿ ಪಟ್ಟಿಗೆ ಬಂದಿತ್ತು, ಪಟ್ಟಿಯನ್ನಷ್ಟೇ ಕಂಡ ಯಾರೋ ಅವನ ಕಿವಿಗೆ ಹಾಕಿದ್ದರು.

ಅವನ ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ. ನನ್ನ ಕೈ ತಾನಾಗಿ ಮೌಸಿನ ಮೇಲೆ ಹೋಯಿತು. ಬಂದವರೆಲ್ಲರ ಅರ್ಜಿ, ಆಧಾರ್ ಪ್ರತಿ, ವಿಳಾಸ ಎಲ್ಲವನ್ನೂ ನಾನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುತ್ತಿದ್ದೆ. ಮತ್ತೆ ಬಂದಾಗ ಅವರಿಗೆ ಸುಲಭವಾಗಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ. ಫೈಲು ತೆರೆಯಿತು. ಎರಡನೇ ಸಾಲಿನಲ್ಲೇ ಹಾಡಿಯ ಹೆಸರು. ಅವನು ಕತ್ತು ಚಾಚಿದ.

ಆಗ ಎಚ್ಚರವಾಯಿತು: ಭೇರ್ಯದ ಆ ಗಂಡ ಇವನೇ. ಪರದೆ ಆರಿಸಿದೆ. ‘ಇಲ್ಲಪ್ಪ, ಅಳಿಸಿಬಿಟ್ಟಿದ್ದೀನಿ’ ಎಂದೆ. ಅವನು ನನ್ನ ಮುಖವನ್ನೇ ದಿಟ್ಟಿಸಿದ. ಮೆತ್ತಗಿನ ಮಾತು ಹೋಯಿತು, ನನ್ನ ವಂಶವನ್ನೆಲ್ಲ ಬೈದು, ಬೆಂಚಿಗೆ ಒದ್ದು ಹೋದ. ಅವನ ನಿಜರೂಪ ಆ ಒದೆತದಲ್ಲಿತ್ತು.

ಟೀಚರಮ್ಮನಿಗೆ ತಕ್ಷಣ ಫೋನ್ ಮಾಡಿದೆ. ಅಂದೇ ತಾಯಿ ಮಗುವನ್ನು ಭದ್ರವಾದ ಬೇರೆ ಕಡೆಗೆ ಸೇರಿಸಿದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಮಾರನೆಯ ದಿನ ಆಕೆ ಶೆಡ್ಡಿಗೆ ಬಂದಾಗ ನಾನು ಎದೆಯುಬ್ಬಿಸಿಕೊಂಡು ಎಲ್ಲಾ ವಿವರಿಸಿದೆ. ಎರಡು ಒಳ್ಳೆಯ ಮಾತು ಬರುತ್ತದೆ ಎಂದು ಕಾದಿದ್ದೆ.

‘ಇನ್ನೂ ಎಷ್ಟ್ ಜನ್ರುದ್ದು ಅವೆ ಅಣ್ಣಾ, ಇದ್ರೊಳಗೆ?’ ಎಂದರು ಕಂಪ್ಯೂಟರು ತೋರಿಸಿ.

ನನಗೆ ಗೊತ್ತಿರಲಿಲ್ಲ. ಹುಣಸೂರಿನವರದು, ಪಿರಿಯಾಪಟ್ಟಣದವರದು, ಎಷ್ಟೋ ವರ್ಷಗಳದ್ದು.

ಆಕೆ ಚೀಲ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತರು. ‘ಅಳ್ಸಿ. ಮುಗಿಯೋ ಗಂಟ ನಾನು ಇಲ್ಲೇ ಕುಂತಿರ್ತೀನಿ.’