ಹಾವಲ್ಲ ಎಂದು ಹೇಳಿ ಆದ ಫಜೀತಿ

ಕೊರೊನಾ ಮುಗಿದು ಕಾಲೇಜುಗಳು ಪೂರ್ತಿ ತೆರೆದ ವರ್ಷದ ಮಳೆಗಾಲ. ನಾನು ಬಸವನಗುಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ, ನಿವೃತ್ತಿ ಹತ್ತಿರವಿತ್ತು. ಕಪ್ಪೆಗಳ ಬಗ್ಗೆ ಪಾಠ ಮಾಡುವವಳು ಎಂಬ ಒಂದೇ ಕಾರಣಕ್ಕೆ ಪರಿಚಯದವರೆಲ್ಲ ಹಲ್ಲಿ, ಹಾವುರಾಣಿ, ಜರಿಗಳ ಫೋಟೋ ಕಳಿಸಿ ನನ್ನ ತಲೆ ತಿನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಲ್ಲೇಶ್ವರದಿಂದ ಹಳೆಯ ವಿದ್ಯಾರ್ಥಿ ಪ್ರಸಾದ್ ಫೋನ್ ಮಾಡಿದ. ಓದಿದ್ದು ಪ್ರಾಣಿಶಾಸ್ತ್ರ, ಸೇರಿದ್ದು ಬ್ಯಾಂಕು.

"ಮೇಡಂ, ಹಿತ್ತಲಲ್ಲಿ ಹಾವು ಮೊಟ್ಟೆ ಇಟ್ಕೊಂಡು ಕೂತಿದೆ. ಭಾನುವಾರ ಸುಧಾ ಸೀಮಂತ. ಅಮ್ಮ ಯಾರನ್ನೂ ಹತ್ರ ಬಿಡ್ತಿಲ್ಲ."

ಸುಧಾ ಅವನ ತಂಗಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಸೀಮಂತದ ಶಾಮಿಯಾನಕ್ಕಾಗಿ ಹಿತ್ತಲಿನ ಮಣ್ಣು ಅಗೆದು ಕಲ್ಲು ಹಾಸಿಸುವ ಕೆಲಸ ನಡೆದಿತ್ತು. ನಲ್ಲಿ ತೊಟ್ಟಿಕ್ಕುವ ಮೂಲೆಯಲ್ಲಿ ಹಳೆಯ ಚಪ್ಪಡಿ ಎತ್ತಿದಾಗ ಇದು ಕಂಡಿದೆ. ಗುದ್ದಲಿ ಹಿಡಿದವನು ಕೈ ಮುಗಿದು ಹಿಂದೆ ಸರಿದಿದ್ದಾನೆ.

ಫೋಟೋ ನೋಡಿದೆ. ಮೈತುಂಬ ಉಂಗುರದಂಥ ಗೆರೆ, ಪಕ್ಕದಲ್ಲಿ ಹಳದಿ ಪಟ್ಟಿ, ಚುಕ್ಕಿಯಷ್ಟೇ ಕಣ್ಣು. ಖುಷಿ, ಕೋಪ ಎರಡೂ ಒಟ್ಟಿಗೇ ಬಂದವು. ಉಭಯವಾಸಿಗಳಲ್ಲಿ ಮೂರು ಗುಂಪು: ಕಪ್ಪೆಗಳು, ಬಾಲವಿರುವ ಸಾಲಮ್ಯಾಂಡರ್‌ಗಳು, ಕಾಲೇ ಇಲ್ಲದ ಸಿಸಿಲಿಯನ್‌ಗಳು. ಇದು ಮೂರನೆಯದು. ನನ್ನ ಮುಂದೆ ಮೂರು ವರ್ಷ ಕೂತು ಇದನ್ನೇ ಬಾಯಿಪಾಠ ಮಾಡಿ ಪಾಸಾದವನು ಈಗ ಹಾವು ಅನ್ನುತ್ತಾನೆ! ಸಿಸಿಲಿಯನ್ ಘಟ್ಟದ ಕಡೆಯ ಜೀವಿ. ಹಿಂದಿನ ಮಳೆಗಾಲದಲ್ಲಿ ಪ್ರಸಾದನ ಮನೆಯವರು ಅಲ್ಲಿನ ನರ್ಸರಿಯಿಂದ ಮಣ್ಣು ಸಮೇತ ಗಿಡ ತರಿಸಿದ್ದರಂತೆ. ಅದರ ಜೊತೆ ಬಂದಿರಬೇಕು.

ಆಟೋ ಹಿಡಿದು ಓಡಿದೆ. ಹಿತ್ತಲಿಗೆ ಕಾಲಿಡುವಷ್ಟರಲ್ಲಿ ಪ್ರಸಾದನ ತಾಯಿ ಕಮಲಮ್ಮನವರು ಅರಿಶಿನ ಕುಂಕುಮದ ತಟ್ಟೆ ಪಕ್ಕಕ್ಕಿಟ್ಟು ಹಾಲಿನ ಲೋಟ ಬಗ್ಗಿಸುತ್ತಿದ್ದರು. ಅವರ ಕೈ ಹಿಡಿದುಬಿಟ್ಟೆ.

"ಬಸುರಿ ಇರೋ ಮನೆ ಕಣ್ರೀ. ನಾಗಪ್ಪಂಗೆ ಹಾಲೆರೆಯೋದೂ ತಪ್ಪಾ?"

"ಅದು ಹಾವಲ್ಲ ಕಮಲಮ್ಮನವರೇ, ಕಪ್ಪೆ ಜಾತಿ. ಚರ್ಮದಲ್ಲೂ ಉಸಿರಾಡುತ್ತೆ. ಹಾಲು, ಅರಿಶಿನ ಮೆತ್ತಿದ್ರೆ ಸತ್ತೇ ಹೋಗುತ್ತೆ."

"ಕಪ್ಪೇನಾ? ಕಾಲೆಲ್ಲಿ?"

ತರಗತಿಯ ಹುಕಿ ಬಂದುಬಿಟ್ಟಿತು. ಹಾವಿಗೆ ಹುರುಪೆ ಇರುತ್ತದೆ, ಇದರ ಚರ್ಮ ಒದ್ದೆ, ವಿಷದ ಹಲ್ಲಿಲ್ಲ, ಯಾರಿಗೂ ಕಚ್ಚಿ ತೊಂದರೆ ಮಾಡುವುದಿಲ್ಲ ಎಂದು ಒಂದೂ ಬಿಡದೆ ವಿವರಿಸಿದೆ. ಕಮಲಮ್ಮ ಗಮನವಿಟ್ಟು ಕೇಳಿದರು. ಅರ್ಥವಾಯಿತಲ್ಲ ಎಂದು ನಾನು ಹಿಗ್ಗಿದೆ.

ಅವರು ಲೋಟ ಕೆಳಗಿಟ್ಟು ಕೆಲಸದವನ ಕಡೆ ತಿರುಗಿದರು. "ಹಾವಲ್ವಂತಪ್ಪಾ. ಗುದ್ದಲೀಲಿ ತೆಗೆದು ಮೋರಿಗೆ ಹಾಕ್ಬಿಡು."

"ಥ್ಯಾಂಕ್ಸ್ ಮೇಡಂ, ದೊಡ್ಡ ತಲೆನೋವು ಕಳೀತು," ಎಂದ ಪ್ರಸಾದ್.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಷ್ಟು ಹೊತ್ತು ಅದನ್ನು ಕಾಪಾಡಿದ್ದು ಹಾವೆಂಬ ಭಯವೊಂದೇ. ಆ ಭಯವನ್ನು ನಾನೇ ಕೈಯಾರೆ ಕಿತ್ತು ಹಾಕಿದ್ದೆ. ಅಪರೂಪದ ಜೀವಿ ಎಂದೆ. ಮಣ್ಣು ಸಡಿಲ ಮಾಡಿ ಗಿಡಕ್ಕೆ ಉಪಕಾರ ಮಾಡುತ್ತದೆ ಎಂದೆ. ಪ್ರಸಾದ್ ಗಡಿಯಾರ ನೋಡಿಕೊಂಡ. ಕೆಲಸದವನು ಗುದ್ದಲಿ ಎತ್ತಿಕೊಂಡ. ನಾನು ಗುಂಡಿಗೆ ಅಡ್ಡ ನಿಂತು ಕೂಗಾಡಿದೆ.

ಗಲಾಟೆ ಕೇಳಿ ಸುಧಾ ಸೊಂಟಕ್ಕೆ ಕೈಕೊಟ್ಟುಕೊಂಡು ಹೊರಗೆ ಬಂದಳು. ಮೆಟ್ಟಿಲ ಮೇಲೆ ಕೂತು ಗುಂಡಿಯೊಳಗೆ ಇಣುಕಿದಳು. ಮಣಿಸರದಂತೆ ಒಂದಕ್ಕೊಂದು ಅಂಟಿದ, ಬಟಾಣಿ ಗಾತ್ರದ ಮೊಟ್ಟೆಗಳು. ಅವುಗಳ ಸುತ್ತ ತಾಯಿ. ಇಷ್ಟು ರಂಪ ನಡೆದರೂ ಅದು ಕದಲಿರಲಿಲ್ಲ.

"ಅದ್ಯಾಕೆ ಓಡಿಹೋಗ್ತಿಲ್ಲ ಮೇಡಂ?"

"ಮೊಟ್ಟೆ ಒಡೆಯೋವರೆಗೂ ಹೀಗೇ ಕಾಯುತ್ತೆ. ಇದು ಬಿಟ್ಟುಹೋದ್ರೆ ಮೊಟ್ಟೆ ಒಣಗುತ್ತೆ, ಇಲ್ಲಾ ಬೂಸ್ಟು ಹಿಡಿಯುತ್ತೆ."

"ಊಟ?"

"ಊಟಕ್ಕೆ ಅಂತ ಏಳೋದೂ ಅಪರೂಪ."

ಸುಧಾ ಅಣ್ಣನ ಕಡೆ ತಿರುಗಿದಳು. "ಚಪ್ಪಡಿ ಮೊದ್ಲಿದ್ದ ಹಾಗೇ ಮುಚ್ಚಿಸು. ಸೀಮಂತ ಮಹಡಿ ಮೇಲೆ ಮಾಡಿ."

"ಶಾಮಿಯಾನ ಹೇಳಾಗಿದೆ ಕಣೇ!"

"ಸೀಮಂತ ನಂದು ತಾನೇ?"

ಪ್ರಸಾದ್ ಅಮ್ಮನ ಮುಖ ನೋಡಿದ. ಕಮಲಮ್ಮ ಮಗಳ ಮುಖ ನೋಡಿದರು, ನಂತರ ಗುಂಡಿಯನ್ನು. "ಗುದ್ದಲಿ ಕೆಳಗಿಡಪ್ಪಾ," ಎಂದರು. ನನ್ನ ವಿವರಣೆಯಿಂದ ಆಗದ ಕೆಲಸ ಅಷ್ಟರಲ್ಲಿ ಆಯಿತು.

ಸೀಮಂತ ಮಹಡಿಯ ಮೇಲೆ ನಡೆಯಿತು. ಮಂಡಿ ನೋವಿನವರೆಲ್ಲ ಮೆಟ್ಟಿಲು ಹತ್ತುತ್ತಾ ನನ್ನನ್ನು ಬೈದರೆಂದು ಕೇಳಿದೆ. ಕೆಲವು ವಾರಗಳಲ್ಲಿ ಮೊಟ್ಟೆಗಳು ಒಡೆದವು. ಕೆಲವು ಕೆಟ್ಟೂ ಹೋದವು. ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು ತಾಯಿಯನ್ನೂ ಮರಿಗಳನ್ನೂ ಮಣ್ಣು ಬಂದ ಕಡೆಯ ತೊರೆಯ ದಂಡೆಗೇ ಬಿಟ್ಟು ಬಂದೆವು.

ಜೀವಿಯ ಹೆಸರನ್ನು ಸರಿಯಾಗಿ ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯಿತು ಎಂದು ಅದುವರೆಗೆ ನಂಬಿದ್ದೆ. ಫೋಟೋಗಳ ಕಾಟ ನಿವೃತ್ತಿಯಾದರೂ ನಿಂತಿಲ್ಲ. ಆದರೆ ಈಗ ಯಾರಾದರೂ "ಇದು ಹಾವಾ ಮೇಡಂ?" ಎಂದು ಕೇಳಿದರೆ ನಾನು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ. "ಮುಟ್ಟಬೇಡಿ, ಬರ್ತಾ ಇದೀನಿ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ.